ಲೆಕ್ಕಕ್ಕೆ ಬಾರದ ಹೊಡೆತಗಳು

ಹಲಸೂರಿನಿಂದ ಹಳೆಯ ವಿಮಾನನಿಲ್ದಾಣದ ರಸ್ತೆ ಹಿಡಿದು ಪೂರ್ವಕ್ಕೆ ಹೋಗುವಾಗ, ಇಂದಿರಾನಗರದ ಬೀದಿಗಳು ಹೆಚ್‌ಎಎಲ್ ಎರಡನೆಯ ಹಂತ, ಮೂರನೆಯ ಹಂತವೆಂದು ವಿಮಾನ ಕಾರ್ಖಾನೆಯ ಹೆಸರನ್ನು ಇಂದಿಗೂ ಹೊತ್ತಿರುವುದನ್ನು ಕಂಡಾಗಲೆಲ್ಲ, ನನಗೆ ನೆನಪಾಗುವವನು ಡೆಟ್ರಾಯಿಟ್ ನಗರದ ಯೆಹೂದ್ಯ ಬೇಸ್‌ಬಾಲ್ ದಾಂಡಿಗ ಹ್ಯಾಂಕ್ ಗ್ರೀನ್‌ಬರ್ಗ್. ನಂಟು ತುಸು ದೂರದ್ದೇ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಕಟ್ಟಿದ ಆ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ ವಶಕ್ಕೆ ಬಂದು, ಯುದ್ಧವಿಮಾನಗಳ ದುರಸ್ತಿಯ ಕೇಂದ್ರವಾಯಿತು. ಅದೇ ಯುದ್ಧವು 1944ರಲ್ಲಿ ಕ್ಯಾಪ್ಟನ್ ಗ್ರೀನ್‌ಬರ್ಗನನ್ನು ಬಿ-29 ಬಾಂಬರುಗಳ ದಳದೊಡನೆ ಭಾರತಕ್ಕೆ ಕರೆತಂದು, ಹಿಮಾಲಯದಾಚೆಯ ಚೀನಕ್ಕೆ ಕಳುಹಿಸಿತು.

ಸಿಕ್ಸರಿನ ಸುಭಿಕ್ಷದಲ್ಲಿ ಬೆಳೆದ ನಮ್ಮ ಬೆಂಗಳೂರು ದಂಡಿನ ಪ್ರೇಕ್ಷಕರಿಗೆ, ಚೆಂಡನ್ನು ಬೇಲಿಯಾಚೆಗೆ ದಾಟಿಸುವ ಹೋಂ ರನ್ನಿನ ದೌರ್ಲಭ್ಯ ಸುಲಭವಾಗಿ ಮನದಟ್ಟಾಗದು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2013ರಲ್ಲಿ ಕ್ರಿಸ್ ಗೇಲ್ ಒಂದೇ ಸಂಜೆ 17 ಸಿಕ್ಸರ್ ಹೊಡೆದುದನ್ನು ಕಂಡವರು ನಾವು. ಬೇಸ್‌ಬಾಲಿನಲ್ಲಾದರೋ ದಾಂಡಿಗನಿಗೆ ಪಂದ್ಯವೊಂದಕ್ಕೆ ಸರದಿ ಬರುವುದು ನಾಲ್ಕೈದು ಬಾರಿ ಮಾತ್ರ. 2002ರಲ್ಲಿ ಇನ್ನೊಬ್ಬ ಯೆಹೂದ್ಯ ದಾಂಡಿಗ ಶಾನ್ ಗ್ರೀನ್ ಒಂದೇ ಪಂದ್ಯದಲ್ಲಿ ನಾಲ್ಕು ಹೋಂ ರನ್ ಹೊಡೆದದ್ದು ಇಂದಿಗೂ ಮೀರಲಾಗದ ಸಾಧನೆ. 1938ರ ಋತುವಿನಲ್ಲಿ ಗ್ರೀನ್‌ಬರ್ಗ್ ಹೊಡೆದದ್ದು 58; ಅಂದಿನ ದಾಖಲೆಯಾಗಿದ್ದ ಬೇಬ್ ರೂತನ 60ಕ್ಕೆ ಎರಡೇ ಕಡಮೆ. ಯೆಹೂದ್ಯನೆಂಬ ದ್ವೇಷದಿಂದ ಎದುರಾಳಿಗಳು ಬೇಕೆಂದೇ ಅವನಿಗೆ ಹೊಡೆಯಬಹುದಾದ ಚೆಂಡನ್ನು ಎಸೆಯಲಿಲ್ಲವೆಂಬ ಮಾತನ್ನು ಸ್ವತಃ ಆತನೇ ತಳ್ಳಿಹಾಕಿದನು. ಪ್ರೇಕ್ಷಕರ ಬೈಗುಳಗಳನ್ನು ವರ್ಷಾನುಗಟ್ಟಲೆ ಕೇಳಿಯೂ ಅನ್ಯರ ಮೇಲೆ ಸುಳ್ಳು ಆರೋಪ ಹೊರಿಸದ ಈ ನ್ಯಾಯಬುದ್ಧಿ ನನಗೆ ಅವನ ಹೊಡೆತಕ್ಕಿಂತಲೂ ಪ್ರಿಯವಾದುದು. 1934ರಲ್ಲಿ ಯೆಹೂದ್ಯರ ಹೊಸವರ್ಷದ ದಿನ, ಆಡಬೇಕೋ ಬೇಡವೋ ಎಂಬ ತೊಳಲಾಟದ ನಡುವೆಯೇ ಆಡಿ, ಎರಡು ಹೋಂ ರನ್ನುಗಳಿಂದ ಬಾಸ್ಟನ್ ತಂಡವನ್ನು 2–1ರಿಂದ ಸೋಲಿಸಿದನು. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್ ಬಂದಾಗ ಮಾತ್ರ ಆಟ ಬಿಟ್ಟು ಪ್ರಾರ್ಥನಾಮಂದಿರಕ್ಕೆ ಹೋದನು.

ಯೆಹೂದ್ಯ ಮೂಲದ ದಾಂಡಿಗರ ಒಟ್ಟು ಲೆಕ್ಕದಲ್ಲಿ ಇಂದು ರಯನ್ ಬ್ರೌನ್ 352 ಹೋಂ ರನ್ನುಗಳಿಂದ ಮೊದಲಿಗ. ಗ್ರೀನ್‌ಬರ್ಗನವು 331, ಗ್ರೀನನವು 328. ಬ್ರೌನ್ ನಿಷಿದ್ಧ ಔಷಧದ ಪ್ರಕರಣದಲ್ಲಿ 2013ರಲ್ಲಿ ಅಮಾನತಾದವನೆಂಬುದನ್ನು ಬದಿಗಿಟ್ಟರೂ ಈ ಅನುಕ್ರಮವನ್ನು ನಾನು ಒಪ್ಪಲಾರೆ. ಗ್ರೀನ್‌ಬರ್ಗ್ 1941ರ ಮೇ ತಿಂಗಳಿನಲ್ಲಿ ಸೈನ್ಯ ಸೇರಿ, ಡಿಸೆಂಬರಿನಲ್ಲಿ ಬಿಡುಗಡೆ ಹೊಂದಿ, ಪರ್ಲ್ ಹಾರ್ಬರಿನ ಸುದ್ದಿ ಕೇಳಿ ತಾನಾಗಿಯೇ ಮರಳಿ ಸೇರಿದವನು; ತೋಳಿನ ಬಲ ಕುಂದದಿದ್ದ ನಾಲ್ಕಕ್ಕೂ ಮಿಕ್ಕಿದ ಋತುಗಳು ಹಾಗೆ ಹೋದುವು. ಚೀನದಲ್ಲೊಮ್ಮೆ, ನೆಲಕ್ಕಪ್ಪಳಿಸಿದ ಬಾಂಬರಿನೊಳಗಿನವರನ್ನು ಹೊರತರಲು ಓಡುತ್ತಿದ್ದಾಗ ವಿಮಾನವೇ ಸಿಡಿದು, ದಿನವೆರಡರ ತನಕ ಅವನ ಕಿವಿ ಕೇಳದೆ ಹೋಯಿತು.

1945ರ ಜುಲೈ 1ರಂದು ಮರಳಿದ ಮೊದಲ ಪಂದ್ಯದಲ್ಲೇ ಹೋಂ ರನ್. ಸೆಪ್ಟೆಂಬರ್ 30ರಂದು, ಸೇಂಟ್ ಲೂಯಿಯ ಮಳೆಗತ್ತಲಿನಲ್ಲಿ, 3–2ರಿಂದ ಹಿಂದೆ ಬಿದ್ದಿದ್ದ ಡೆಟ್ರಾಯಿಟಿನ ಕೊನೆಯ ಸರದಿಯಲ್ಲಿ, ಮೂರು ನೆಲೆಗಳಲ್ಲೂ ಸಹಚರರು ಕಾದು ನಿಂತಿರಲು, ಅವನು ಚೆಂಡನ್ನು ಎಡಭಾಗದ ಬೇಲಿಯಾಚೆಗೆ ದಾಟಿಸಿದನು. ಲೀಗಿನ ಅಗ್ರಪಟ್ಟ ಡೆಟ್ರಾಯಿಟಿಗೆ ಬಂದಿತು.