ಮೂರನೇ ಮಾಲೀಕ ಎಲ್ಲಿ?

ಹಳೇ ಕಾರು ಮಾರುವವರ ಬಾಯಲ್ಲಿ ಅದರ ಮೊದಲ ಮಾಲೀಕರು ಯಾವಾಗಲೂ ಡಾಕ್ಟರೇ. ಅದೂ ಎಂಥ ಡಾಕ್ಟರು? ಗಾಡಿಯನ್ನು ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ ಬಿಟ್ಟರೆ ಬೇರೆಲ್ಲೂ ಒಯ್ಯದವರು, ಭಾನುವಾರ ತಾವೇ ನಿಂತು ತೊಳೆದು ಒರೆಸುತ್ತಿದ್ದವರು. ಡಾಕ್ಟರು ಸಿಗದಿದ್ದರೆ ಕಾಫಿ ಪ್ಲಾಂಟರು. ಕಾರು ತುಸು ಉದ್ದವಾಗಿದ್ದರೆ ಮಹಾರಾಜರು. ಅರಮನೆಯ ಹೆಸರು ಹೇಳಿಕೊಂಡು ಮಾರಾಟಕ್ಕೆ ಬರುವ ಉದ್ದ ಕಾರುಗಳೆಲ್ಲ ನಿಜಕ್ಕೂ ಅಲ್ಲಿಂದಲೇ ಹೊರಟಿದ್ದರೆ, ಅವನ್ನು ನಿಲ್ಲಿಸಲು ಮೈಸೂರಿನ ದೊಡ್ಡಕೆರೆ ಮೈದಾನವೂ ಸಾಲುತ್ತಿರಲಿಲ್ಲ.

ಡಾಕ್ಟರ ಕಥೆ ಪೂರ್ತಿ ಬುರುಡೆಯಲ್ಲ, ಅದನ್ನೂ ಹೇಳಬೇಕು. ಲೈಸೆನ್ಸ್ ಕಾಲದಲ್ಲಿ ಉತ್ತರಪಾರಾದ ಅಂಬಾಸಿಡರ್, ಬೊಂಬಾಯಿ ಕುರ್ಲಾದ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಬಿಟ್ಟರೆ ಕೊಳ್ಳಲು ಹೆಚ್ಚೇನೂ ಇರಲಿಲ್ಲ. ಸರ್ಕಾರಿ ಕೋಟಾದಲ್ಲಿ ಸೇರದವರು ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ಕಾಯುವ ತಾಳ್ಮೆ, ಕೊಳ್ಳುವ ದುಡ್ಡು, ರಾತ್ರಿ ಹೊತ್ತು ಹೊರಗೆ ಹೊರಡಲೇಬೇಕಾದ ಕಾರಣ ಮೂರೂ ಇದ್ದವರು ಊರಿಗೆ ನಾಲ್ಕೈದು ಜನ, ಅವರಲ್ಲಿ ಡಾಕ್ಟರು ಒಬ್ಬರು. (ಈ ಫಿಯೆಟ್ ತಯಾರಾದ ಪ್ರೀಮಿಯರ್ ಕಾರ್ಖಾನೆಯ ಹಿಂದೆ ನಮ್ಮ ವಿಶ್ವೇಶ್ವರಯ್ಯನವರ ಯೋಜನೆಯಿತ್ತು. ಅದು ಬೆಂಗಳೂರಿಗೆ ದಕ್ಕದೆ, 1944ರಲ್ಲಿ ವಾಲ್‌ಚಂದ್ ಹೀರಾಚಂದರ ಕೈಯಲ್ಲಿ ಬೊಂಬಾಯಿಗೆ ಹೋಯಿತು. ಆ ಹೊಟ್ಟೆಯುರಿ ಇನ್ನೊಂದು ವಾರಕ್ಕಿರಲಿ.)

ನನ್ನ ತಕರಾರು ಮೊದಲ ಮಾಲೀಕರ ಮೇಲಲ್ಲ, ಅವರನ್ನು ಹುಡುಕುವವರ ಮೇಲೆ. ವಿಂಟೇಜ್ ಕಾರಿನ ಹವ್ಯಾಸಿಗಳು ಮೊದಲ ಹೆಸರು ಸಿಕ್ಕ ಕೂಡಲೇ ಅದನ್ನು ಫ್ರೇಮು ಹಾಕಿಸಿ ಹುಡುಕಾಟ ನಿಲ್ಲಿಸಿಬಿಡುತ್ತಾರೆ. ಮೊದಲ ಮಾಲೀಕರು ಕಾರಿಗೆ ಮಾಡಿದ್ದೇನು? ಹೊಸದಾಗಿ ಕೊಂಡರು, ಚೆನ್ನಾಗಿ ಇಟ್ಟುಕೊಂಡರು, ಮಾರಿದರು. ಅದು ಇವತ್ತು ಯಾಕೆ ಹೀಗಿದೆ ಎನ್ನುವುದಕ್ಕೆ ಉತ್ತರ ಇರುವುದು ಎರಡನೆಯ, ಮೂರನೆಯ, ನಾಲ್ಕನೆಯವರ ಹತ್ತಿರ. ಎಂಜಿನ್ ಬದಲಿಸಿದವರು, ಬಣ್ಣ ಬಳಿಸಿದವರು, ಡ್ಯಾಶ್‌ಬೋರ್ಡಿಗೆ ತೂತು ಕೊರೆಸಿದವರು ಅವರೇ. ಗುಜರಿಗೆ ಹಾಕಬಹುದಾಗಿದ್ದ ಕಾಲದಲ್ಲಿ ಹಾಕದೆ ಉಳಿಸಿದವರೂ ಅವರೇ.

ಒಂದೇ ಮನೆಯಲ್ಲಿ ಉಳಿದ ಕಾರಿನ ಕಥೆ ಹೇಳುವುದು ಸುಲಭ. ಲಾಲ್ ಬಹಾದ್ದೂರ್ ಶಾಸ್ತ್ರಿಯವರ 1964ರ ಫಿಯೆಟ್ ನೋಡಿ, ನಂಬರ್ ಡಿಎಲ್‌ಇ 6. ಬೆಲೆ 12,000 ರೂಪಾಯಿ. ಪ್ರಧಾನಿಯ ಖಾತೆಯಲ್ಲಿ ಇದ್ದದ್ದು 7,000. ಉಳಿದ 5,000 ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸಾಲ. 1966ರ ಜನವರಿಯಲ್ಲಿ ಅವರು ತಾಷ್ಕೆಂಟಿನಲ್ಲಿ ತೀರಿಕೊಂಡಾಗ ಸಾಲ ಬಾಕಿಯಿತ್ತು, ಪತ್ನಿ ಲಲಿತಾ ಅವರು ಪಿಂಚಣಿಯಲ್ಲಿ ತೀರಿಸಿದರು. ಕಾರು ಈಗ ದೆಹಲಿಯ ಸ್ಮಾರಕದಲ್ಲಿದೆ. ಅಲ್ಲಿ ಹುಡುಕುವುದಕ್ಕೇನೂ ಇಲ್ಲ, ನಿಂತು ನೋಡುವುದಷ್ಟೇ. ರೋಲ್ಸ್ ರಾಯ್ಸ್ ಇಟ್ಟುಕೊಂಡವರಿಗೂ ದಾರಿ ಸಲೀಸು. ಪ್ರತಿ ಷಾಸಿಗೂ ಒಂದೊಂದು ಕಾರ್ಡ್ ಬರೆದಿಟ್ಟ ಕಂಪನಿ ಅದು, ಕಾರು ಯಾರಿಗೆ ತಯಾರಾಯಿತು ಎನ್ನುವುದು ಅದರಲ್ಲೇ ಇರುತ್ತದೆ. ಆ ಕಾರ್ಡುಗಳನ್ನು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಹವ್ಯಾಸಿಗಳ ಕ್ಲಬ್ಬು ಜೋಪಾನ ಮಾಡಿದೆ. ನಮ್ಮ ಫಿಯೆಟ್, ಅಂಬಾಸಿಡರ್‌ಗಳಿಗೆ ಆ ಭಾಗ್ಯವಿಲ್ಲ. ಅವುಗಳ ಜಾತಕ ಇರುವುದು ಆರ್‌ಟಿಓ ಕಚೇರಿಯ ದಪ್ಪ ರಿಜಿಸ್ಟರಿನಲ್ಲಿ, ಅದೂ ಗೆದ್ದಲು ಬಿಟ್ಟಷ್ಟು.

ಆದ್ದರಿಂದ ಮೊದಲು ಹಳೇ ಆರ್‌ಸಿ ಬುಕ್ಕು. ಸ್ಮಾರ್ಟ್ ಕಾರ್ಡು ಬಂದ ಮೇಲೆ ಅದನ್ನು ಬಿಸಾಡಿದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಟ್ಟೆಯ ಬೆನ್ನು ಹಚ್ಚಿದ ಆ ಪುಸ್ತಕದ ಹಿಂದಿನ ಪುಟಗಳಲ್ಲಿ ಒಂದರ ಕೆಳಗೊಂದು ವರ್ಗಾವಣೆಯ ಮೊಹರು, ಸಾಲ ಕೊಟ್ಟ ಫೈನಾನ್ಸಿನವರ ಹೆಸರು, ಎಂಜಿನ್ ಬದಲಾಗಿದ್ದರೆ ಹೊಸ ನಂಬರು ಎಲ್ಲ ಇರುತ್ತವೆ. ಪುಸ್ತಕ ಕಳೆದಿದ್ದರೆ ಆರ್‌ಟಿಓ ರಿಜಿಸ್ಟರಿನ ನಕಲಿಗೆ, ಅಂದರೆ ಬಿ ಎಕ್ಸ್‌ಟ್ರ್ಯಾಕ್ಟಿಗೆ ಅರ್ಜಿ ಹಾಕಬೇಕು. ವಾಹನ್ ಜಾಲತಾಣ ಇದಕ್ಕೆ ಉಪಯೋಗವಿಲ್ಲ. ಅದು ಮಾಲೀಕರ ಹೆಸರಿನ ಅರ್ಧ ಅಕ್ಷರಗಳ ಜಾಗದಲ್ಲಿ ನಕ್ಷತ್ರ ತೋರಿಸುತ್ತದೆ. ಹಾಗೆ ತೋರಿಸುವುದೂ ಸರಿಯೇ. ಕಂಡ ಕಂಡವರಿಗೆಲ್ಲ ಕಂಡವರ ವಿಳಾಸ ಯಾಕೆ?

ನಂಬರ್ ಓದುವುದಕ್ಕೆ ಸ್ವಲ್ಪ ಇತಿಹಾಸವೂ ಬೇಕು. ಎಂವೈ ಎಂದರೆ ಮೈಸೂರು ರಾಜ್ಯ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದರೂ ಪ್ಲೇಟಿನ ಮೇಲೆ ಎಂವೈ ಬಹಳ ಕಾಲ ಉಳಿಯಿತು, ಆಮೇಲೆ ಸಿಎ, ಕೊನೆಗೆ ಈಗಿನ ಕೆಎ. ಇಷ್ಟು ಎಲ್ಲರಿಗೂ ಗೊತ್ತು. ಬಹಳ ಜನ ಎಡವುವುದು 1956ರ ಹಿಂದಿನ ಗಾಡಿಗಳಲ್ಲಿ. ಆಗ ಧಾರವಾಡ, ಬೆಳಗಾವಿ, ಕಾರವಾರ ಬೊಂಬಾಯಿ ರಾಜ್ಯದವು. ಮಂಗಳೂರು ಮದ್ರಾಸಿನದು. ಕಲಬುರಗಿ, ರಾಯಚೂರು ಹೈದರಾಬಾದಿನವು. ಬಳ್ಳಾರಿ 1953ರವರೆಗೆ ಮದ್ರಾಸಿನದು, ಕೊಡಗು ತನ್ನ ಪಾಡಿಗೆ ತಾನು. ಹಾಗಾಗಿ ಮಂಗಳೂರಿನ ಮನೆಯೊಂದರ 1954ರ ಕಾರಿಗೆ ಮದ್ರಾಸಿನ ನಂಬರ್ ಕಂಡು, ಮೊದಲ ಮಾಲೀಕ ತಮಿಳುನಾಡಿನವನಿರಬೇಕೆಂದು ಚೆನ್ನೈಗೆ ಓಡಬೇಕಿಲ್ಲ. ಆ ಕಾರು ನೇತ್ರಾವತಿ ದಾಟಿಯೇ ಇರಲಿಕ್ಕಿಲ್ಲ.

ವಿಳಾಸಕ್ಕೂ ಇದೇ ಕಥೆ. ಪುಸ್ತಕದಲ್ಲಿ ಬೆಂಗಳೂರಿನ ಸೌತ್ ಪರೇಡ್ ಎಂದಿದ್ದರೆ ಮಹಾತ್ಮ ಗಾಂಧಿ ರಸ್ತೆ, ಗ್ರಾಂಟ್ ರೋಡ್ ಎಂದರೆ ವಿಠ್ಠಲ ಮಲ್ಯ ರಸ್ತೆ, ಸಿಡ್ನಿ ರೋಡ್ ಎಂದರೆ ಕಸ್ತೂರಬಾ ರಸ್ತೆ. ಊರಿನ ಮುಂದೆ ಬರೀ ‘ಬೆಂಗಳೂರು–4’ ಎಂದಿದ್ದರೆ ಆ ನಮೂದು 1972ರ ಆಗಸ್ಟಿಗಿಂತ, ಅಂದರೆ ಪಿನ್‌ಕೋಡ್ ಬರುವುದಕ್ಕಿಂತ ಹಿಂದಿನದಿರಬಹುದು. ಆ ನಾಲ್ಕೇ ಆಮೇಲೆ 560004ರ ಬಾಲವಾಯಿತು, ಹೋಗಬೇಕಾದದ್ದು ಬಸವನಗುಡಿಗೆ. ಮನೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿರುತ್ತದೆ, ಅದು ಖಚಿತ. ಎದುರಿನ ಹಳೇ ಔಷಧಿ ಅಂಗಡಿ, ಗುಡಿಯ ಅರ್ಚಕರು, ಮೂಲೆಯ ಟೈಲರ್ ಇದ್ದರೆ ಸಾಕು. ಬೀದಿಗೆ ಒಂದೋ ಎರಡೋ ಕಾರಿದ್ದ ಕಾಲದಲ್ಲಿ ಯಾರ ಮನೆಯಲ್ಲಿ ಯಾವ ಬಣ್ಣದ ಫಿಯೆಟ್ ಇತ್ತೆಂದು ಬೀದಿಗೆಲ್ಲ ಗೊತ್ತಿತ್ತು.

ಮನೆಯವರು ಸಿಕ್ಕಾಗ ಹೆಣ್ಣುಮಕ್ಕಳನ್ನು ಕೇಳಿ ಎನ್ನುವುದು ನನ್ನ ಸಲಹೆ. ಗಂಡುಮಕ್ಕಳು ಮೈಲೇಜಿನ ಬಗ್ಗೆ ಮಾತಾಡುತ್ತಾರೆ, ಅದರಲ್ಲಿ ಅರ್ಧ ಉತ್ಪ್ರೇಕ್ಷೆ. ನಂಬರ್ ನೆನಪಿರುವುದು ಹೆಣ್ಣುಮಕ್ಕಳಿಗೆ, ಮದುವೆಯ ಆಲ್ಬಮ್ ಇರುವುದೂ ಅವರ ಬೀರುವಿನಲ್ಲೇ. ಹೂವಿನ ಹಾರ ಹಾಕಿ ನಿಲ್ಲಿಸಿದ ಕಾರಿನ ಫೋಟೋ ಒಂದು ಸಿಕ್ಕರೆ ವೀಲ್ ಕ್ಯಾಪು, ಕನ್ನಡಿ, ಬಂಪರಿನ ಗಾರ್ಡು, ಗ್ರಿಲ್ ಮೇಲಿನ ಬಿಲ್ಲೆ ಎಲ್ಲಕ್ಕೂ ಸಾಕ್ಷಿ ಸಿಕ್ಕಿತು. ಮದ್ರಾಸಿನ ಆಟೋಮೊಬೈಲ್ ಅಸೋಸಿಯೇಷನ್ನಿನದೋ ಬೊಂಬಾಯಿಯದೋ ಆ ಬಿಲ್ಲೆ ಕಾರು ಯಾವ ಕಡೆ ಓಡಾಡಿಕೊಂಡಿತ್ತೆಂದೂ ಹೇಳುತ್ತದೆ.

ಮೂರನೇ ಮಾಲೀಕರು ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ಅವರಿಗೆ ಕಾರು ಕೊಟ್ಟವನು ಬ್ರೋಕರು, ಅವರಿಂದ ಕೊಂಡವನೂ ಬ್ರೋಕರು. ಮಾರುವವರ ಸಹಿ ಹಾಕಿಸಿಕೊಂಡ ಖಾಲಿ ವರ್ಗಾವಣೆ ಫಾರಂಗಳು ಕಾರಿನ ಜತೆಗೇ ಕೈಯಿಂದ ಕೈಗೆ ಹೋಗುತ್ತವೆ. ಕಾನೂನಿನ ಪ್ರಕಾರ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ತಿಳಿಸುವ ತನಕ ಪುಸ್ತಕದಲ್ಲಿ ಹಳೇ ಹೆಸರೇ. ಹೀಗೆ ಮೂವರ ಮನೆ ಸುತ್ತಿ ಬಂದ ಕಾರು ಕಾಗದದಲ್ಲಿ ಒಬ್ಬರದೇ ಆಗಿರುತ್ತದೆ. ‘ಸಿಂಗಲ್ ಓನರ್’ ಎಂದು ಜಾಹೀರಾತು ಕೊಡಲು ಇನ್ನೇನು ಬೇಕು?

ಇದರ ಬಿಸಿ ತಟ್ಟುವುದು ಕಾಗದದಲ್ಲಿ ಉಳಿದವರಿಗೆ. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಹೊಣೆ ನೋಂದಾಯಿತ ಮಾಲೀಕನದೇ. ಹಾಗಾಗಿ ‘ನಿಮ್ಮ ಹಳೇ ಕಾರಿನ ವಿಷಯ’ ಎಂದು ಫೋನ್ ಮಾಡಿದರೆ ಆ ಕಡೆಯವರು ಮೊದಲು ಕೇಳುವುದು ಆಕ್ಸಿಡೆಂಟಾ, ಪೊಲೀಸಾ ಎಂದು. ಫೋನ್ ಮಾಡಬೇಡಿ. ಕಾಗದ ಬರೆಯಿರಿ. ಕಾರಿನ ಈಗಿನ ಫೋಟೋ, ಈಗ ಅದು ಯಾರ ಹೆಸರಿನಲ್ಲಿದೆ ಎನ್ನುವುದಕ್ಕೆ ದಾಖಲೆಯ ಜೆರಾಕ್ಸು ಇಟ್ಟು ಕಳಿಸಿ. ಉತ್ತರ ಬಾರದಿದ್ದರೆ ಅವರಿಗೆ ಇಷ್ಟವಿಲ್ಲ ಎಂದೇ ಅರ್ಥ, ಅಲ್ಲಿಗೆ ಬಿಡಿ.

ಕಾಗದ ಕೈಕೊಟ್ಟ ಕಡೆ ತಗಡು ಮಾತಾಡುತ್ತದೆ. ಬಾಗಿಲ ರಬ್ಬರಿನ ಅಡಿ, ಸ್ಟೆಪ್ನಿ ಕೂರುವ ಗುಳಿ, ಗ್ಲೋವ್ ಬಾಕ್ಸಿನ ಒಳಮೈ, ಮುಂದಿನ ಗಾಜಿನ ಬೀಡಿಂಗಿನ ಕೆಳಗೆ ಎಷ್ಟೇ ಟಿಂಕರಿಂಗ್ ಆಗಿದ್ದರೂ ಹಳೇ ಬಣ್ಣ ಉಳಿದಿರುತ್ತದೆ. ಮಾಳಿಗೆಯ ಅಂಚಿನಲ್ಲಿ ಹಳದಿ, ಬಾಗಿಲ ಸಂದಿನಲ್ಲಿ ಕಪ್ಪು ಕಂಡರೆ ನಿಮ್ಮ ‘ಡಾಕ್ಟರ ಕಾರು’ ಬೊಂಬಾಯಿಯಲ್ಲಿ ಟ್ಯಾಕ್ಸಿಯಾಗಿ ದುಡಿದಿದೆ. ಎಡಗಡೆಯ ಮಡ್‌ಗಾರ್ಡಿನ ಹತ್ತಿರ ಮೀಟರ್ ಕೂರಿಸಿದ್ದ ತೂತುಗಳನ್ನು ಮುಚ್ಚಿದ ಗುರುತು ಹುಡುಕಿ, ಇದ್ದೇ ಇರುತ್ತದೆ. ಅದು ಅವಮಾನವೂ ಅಲ್ಲ. 2023ರ ಅಕ್ಟೋಬರಿನಲ್ಲಿ ಫಿಯೆಟ್ ಕುಲದ ಕಡೆಯ ಪದ್ಮಿನಿ ಟ್ಯಾಕ್ಸಿ ಮುಂಬೈ ರಸ್ತೆಯಿಂದ ಇಳಿದಾಗ ಊರಿಗೆ ಊರೇ ಬೀಳ್ಕೊಟ್ಟಿತು. ಆ ಕಾರುಗಳು ಸತ್ತರೂ ಅವುಗಳ ಎಂಜಿನ್, ಗೇರ್‌ಬಾಕ್ಸು, ಬಾಗಿಲುಗಳು ದೇಶದ ಎಷ್ಟೋ ಫಿಯೆಟ್‌ಗಳಲ್ಲಿ ಬದುಕಿವೆ.

ಅಂಥದೊಂದು ನನ್ನ ಗೆಳೆಯರ ಬಳಿಯೇ ಇದೆ. 1960ರ ದಶಕದ 1100 ಡಿ, ನಾಲ್ಕು ಬಾಗಿಲೂ ಮುಂದಕ್ಕೆ ಕೀಲಿರುವ ಮಾದರಿ. ಮಾರಿದವನು ಎಂದಿನಂತೆ ಡಾಕ್ಟರೆಂದ. ಬಿ ಎಕ್ಸ್‌ಟ್ರ್ಯಾಕ್ಟಿನಲ್ಲಿ ಮೊದಲ ಮಾಲೀಕರ ಜಾಗದಲ್ಲಿ ಇದ್ದದ್ದು ಒಂದು ಸಹಕಾರ ಸಂಘ! ಗೆಳೆಯರ ಫ್ರೇಮು ಖಾಲಿ ಉಳಿಯಿತು. ನನಗೆ ಕುತೂಹಲವಿದ್ದದ್ದು ಮೂರನೇ ಸಾಲಿನ ಮೇಲೆ: ತಿಪಟೂರಿನ ವಿಳಾಸ, ಪಕ್ಕದಲ್ಲಿ ಎಂಜಿನ್ ಬದಲಾದ ನಮೂದು. ಕಾರಿನಲ್ಲಿ ಎರಡು ಒಗಟುಗಳಿದ್ದವು. ಎಂಜಿನ್ 1970ರ ದಶಕದ್ದು, ಕಾರಿಗಿಂತ ಚಿಕ್ಕ ವಯಸ್ಸಿನದು. ಜತೆಗೆ ಕಾರಿನ ಹಿಂಭಾಗ ಅಗತ್ಯಕ್ಕಿಂತ ಎತ್ತರ. ಹಿಂದಿನ ಎರಡೂ ಸ್ಪ್ರಿಂಗ್ ಕಟ್ಟುಗಳಲ್ಲಿ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿದ್ದರು. ಯಾರೋ ಅಡ್ಡಕಸಬಿ ಮೆಕ್ಯಾನಿಕ್ಕಿನ ಕೆಲಸವೆಂದು ಬೈದುಕೊಂಡೇ ಗೆಳೆಯರು ಅದನ್ನು ಬಿಚ್ಚಿಸಲು ಹೊರಟಿದ್ದರು.

ತಿಪಟೂರಿನ ಆ ವಿಳಾಸದಲ್ಲಿ ಸಿಕ್ಕ ಹಿರಿಯರು ಕೊಬ್ಬರಿ ವ್ಯಾಪಾರದವರು. ಮೊದಲು ಅವರು ಕೇಳಿದ್ದು ಒಂದೇ: ‘ಇನ್ನೂ ನನ್ನ ಹೆಸರಲ್ಲಿ ಇಲ್ಲ ತಾನೆ?’ ಜೆರಾಕ್ಸ್ ನೋಡಿ, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿ, ಆಮೇಲೆ ಕಾಫಿ ತರಿಸಿದರು. ಎಪಿಎಂಸಿ ಹರಾಜಿನ ದಿನ ಕೊಬ್ಬರಿ ಚೀಲಗಳನ್ನು ಡಿಕ್ಕಿಯಲ್ಲೂ ಹಿಂದಿನ ಸೀಟಿನಲ್ಲೂ ತುಂಬುತ್ತಿದ್ದರಂತೆ. ಹಿಂಭಾಗ ನೆಲಕ್ಕೆ ತಾಗುತ್ತಿತ್ತು, ಪಟ್ಟಿ ಹಾಕಿಸಿದರು. ಧರ್ಮಸ್ಥಳಕ್ಕೆ ಹೋಗಿ ಬರುವಾಗ ಚಾರ್ಮಾಡಿ ಘಾಟಿಯ ಏರಿನಲ್ಲಿ ರೇಡಿಯೇಟರ್ ಕುದಿಯಿತು, ಮಗ ಅವಸರಕ್ಕೆ ತಣ್ಣೀರು ಸುರಿದ, ಬ್ಲಾಕ್ ಬಿರುಕು ಬಿಟ್ಟಿತು. ಗಾಡಿಯನ್ನು ತೂಕಕ್ಕೆ ಹಾಕಿಬಿಡಿ ಎಂದು ಮನೆಯವರೆಲ್ಲ ಹೇಳಿದರು. ಇವರು ಲಾರಿಯವರ ಮೂಲಕ ಬೊಂಬಾಯಿಯಿಂದ ಟ್ಯಾಕ್ಸಿಯದೊಂದು ಎಂಜಿನ್ ತರಿಸಿದರು. ಅದೇ 1089 ಸಿಸಿ, ಅದೇ ಕುಲ, ಯಾವ ತಕರಾರೂ ಇಲ್ಲದೆ ಕೂತಿತು. ‘ಎಂಜಿನ್ ಬದಲಾಯಿಸಿದ್ದಕ್ಕೆ ಈಗ ಬೆಲೆ ಕಮ್ಮಿಯಂತೆ ಹೌದಾ?’ ಎಂದು ಕೇಳಿದರು. ಹೌದು, ಕಮ್ಮಿಯೇ. ಷಾಸಿಗೂ ಎಂಜಿನ್‌ಗೂ ತಾಳೆಯಾಗದ ಕಾರಿಗೆ ಹವ್ಯಾಸಿಗಳು ಮೂಗು ಮುರಿಯುತ್ತಾರೆ. ಇವರು ಅವತ್ತು ಆ ದುಡ್ಡು ಖರ್ಚು ಮಾಡದಿದ್ದರೆ ಮೂಗು ಮುರಿಯಲು ಕಾರೇ ಇರುತ್ತಿರಲಿಲ್ಲ ಎನ್ನುವುದನ್ನು ಯಾವ ಪ್ರದರ್ಶನದ ತೀರ್ಪುಗಾರರೂ ಅಂಕಪಟ್ಟಿಯಲ್ಲಿ ಬರೆಯುವುದಿಲ್ಲ.

ಗೆಳೆಯರು ಪಟ್ಟಿಗಳನ್ನು ಬಿಚ್ಚಿಸಲಿಲ್ಲ. ಎಂಜಿನ್ ನಂಬರಿನ ಮೇಲಿನ ತಾತ್ಸಾರವೂ ಹೋಯಿತು.

ಇನ್ನೊಂದು ಮಾತು, 50 ವರ್ಷ ದಾಟಿದ ಗಾಡಿಗಳವರಿಗೆ. 2021ರ ನಿಯಮದ ಪ್ರಕಾರ ವಿಂಟೇಜ್ ಎಂದು ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ ಶುಲ್ಕ, ‘ವಿಎ’ ಅಕ್ಷರಗಳಿರುವ ಹೊಸ ನಂಬರು. ನೋಂದಣಿ ಜೀವಂತವಿದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಪುಸ್ತಕ ಕಳೆದಿದೆ, ಯಾರಿಗೆ ಬೇಕು ರಗಳೆ ಎಂದು ಹೊಸ ನಂಬರಿಗೆ ಕೈಹಾಕುವ ಮೊದಲು ಹಳೇ ರಿಜಿಸ್ಟರ್ ತೆಗೆಸಿ ನೋಡಿ. ನಂಬರ್ ಕಳಚಿದರೆ ಅದಕ್ಕೆ ಅಂಟಿದ ಹೆಸರುಗಳೂ ಹೋಗುತ್ತವೆ, ಆಮೇಲೆ ಯಾವ ಔಷಧಿ ಅಂಗಡಿಯವರೂ ನಿಮಗೆ ಸಹಾಯ ಮಾಡಲಾರರು.

ಆ ಫಿಯೆಟ್ಟಿನ ಲೆಕ್ಕ ಪೂರ್ತಿಯಾಗಿಲ್ಲ. ತಿಪಟೂರಿನವರು ಮಾರಿದ್ದು ತುಮಕೂರಿನ ಬ್ರೋಕರಿಗೆ. ಅಲ್ಲಿಂದ ಮುಂದಿನ ಹೆಸರು ಪುಸ್ತಕಕ್ಕೆ ಏರುವ ಹೊತ್ತಿಗೆ ವರ್ಷಗಳೇ ಕಳೆದಿವೆ. ಆ ನಡುವೆ ಯಾರೋ ಒಬ್ಬರು ಕಾರಿಗೆ ಕಡುನೀಲಿ ಬಣ್ಣ ಹೊಡೆಸಿ, ಹಿಂದಿನ ಗಾಜಿಗೆ ದಾವಣಗೆರೆಯ ಕಾಲೇಜೊಂದರ ಸ್ಟಿಕ್ಕರ್ ಅಂಟಿಸಿದ್ದಾರೆ. ಹಳೇ ವಿದ್ಯಾರ್ಥಿಗಳ ಪೈಕಿ ನೀಲಿ ಫಿಯೆಟ್ಟಿನಲ್ಲಿ ಕಾಲೇಜಿಗೆ ಬರುತ್ತಿದ್ದ ಮೇಷ್ಟರನ್ನೋ ಹುಡುಗನನ್ನೋ ಬಲ್ಲವರಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಕಾರು ಈಗ ಗೆಳೆಯರ ಹೆಸರಿನಲ್ಲೇ ಇದೆ, ಗಾಬರಿ ಬೇಡ.