ಕಿವಿಯ ಹಿಂದೆ ಮರೆಯಾಗುವ ಕಡ್ಡಿ

ನೇರಪ್ರಸಾರದಲ್ಲಿ ಗೇಮ್ ಆಡುತ್ತಿರುವ ಹುಡುಗಿ ಪಕ್ಕಕ್ಕೆ ತಿರುಗುತ್ತಾಳೆ. ಅವಳ ಮೂಗಿನ ಮೇಲಿರುವ ಕನ್ನಡಕ ನಿಜದ್ದಲ್ಲ. ಆದರೂ ಅದರ ಕಡ್ಡಿ ಕಿವಿಯ ಹಿಂದೆ ಸರಿದು ಮರೆಯಾಗುತ್ತದೆ. ವಿಡಿಯೊದಲ್ಲಿನ ಮುಖಕ್ಕೆ ಕಂಪ್ಯೂಟರ್ ಚಿತ್ರ ತೊಡಿಸುವ ಈ ಇಡೀ ಕಸುಬಿನಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ. ಕಲಾವಿದರು ತಲೆಯ ಜಾಗದಲ್ಲಿ ತಲೆಯದೇ ಆಕಾರದ, ಬಣ್ಣವೇ ಇಲ್ಲದ ಒಂದು ಬೊಂಬೆಯನ್ನು ಕೂರಿಸಿರುತ್ತಾರೆ. ತನ್ನ ಹಿಂದೆ ಹೋದದ್ದನ್ನು ಮರೆಮಾಡುವುದಷ್ಟೇ ಅದರ ಕೆಲಸ. ಯಾರ ಕಣ್ಣಿಗೂ ಬೀಳದೆ ದುಡಿಯುವ ಬೊಂಬೆ!

ಇನ್ನು ವೇಗ. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದೊಂದಕ್ಕೆ ಸಿಗುವುದು ಸುಮಾರು 33 ಮಿಲಿಸೆಕೆಂಡು. ಅಷ್ಟರಲ್ಲೇ ಮುಖ ಹುಡುಕಿ, ಬಿಂದುಗಳನ್ನು ಗುರುತಿಸಿ (ಗೂಗಲ್‌ನ ಮೀಡಿಯಾಪೈಪ್ ಒಂದು ಮುಖದಲ್ಲಿ 468 ಬಿಂದು ಹಿಡಿಯುತ್ತದೆ) ಚಿತ್ರ ಕೂರಿಸಬೇಕು. ತುಸು ತಡವಾದರೂ ಕನ್ನಡಕ ಮೂಗು ಬಿಟ್ಟು ಜಾರುತ್ತದೆ.

ಸ್ನ್ಯಾಪ್ ಕಂಪನಿ 2018ರಲ್ಲಿ ಕಂಪ್ಯೂಟರಿಗೆಂದು ಸ್ನ್ಯಾಪ್ ಕ್ಯಾಮೆರಾ ಎಂಬ ಆ್ಯಪ್ ತಂದು, ಗೇಮ್ ನೇರಪ್ರಸಾರದ ತಾಣವಾದ ಟ್ವಿಚ್‌ಗೆ ಬೆಸೆಯಿತು. ನೋಡುಗರೊಬ್ಬರು ಚಂದಾದಾರರಾದರೆ ಸ್ಟ್ರೀಮರ್ ಮುಖದ ಮೇಲೆ ವಿಶೇಷ ಲೆನ್ಸ್ (ಇಂಥ ಚಿತ್ರಗಳಿಗೆ ಸ್ನ್ಯಾಪ್ ಇಟ್ಟ ಹೆಸರು) ಅರಳಿ ಧನ್ಯವಾದ ಹೇಳುತ್ತಿತ್ತು. ಜಾಹೀರಾತು ಅದಕ್ಕೂ ಮೊದಲೇ ಹೀಗೆ ಆಟವಾಗಿತ್ತು. 2016ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ವೇಳೆ ಪಾನೀಯ ಕಂಪನಿ ಗೇಟರೇಡ್‌ನ ಲೆನ್ಸ್, ಗೆದ್ದ ತಂಡದ ಕೋಚ್ ತಲೆಗೆ ಸುರಿಯುವಂತೆ, ಫೋನ್ ಹಿಡಿದವರ ತಲೆಗೂ ಪರದೆಯಲ್ಲಿ ಪಾನೀಯ ಸುರಿಯಿತು. ಎಂಥ ಸೊಗಸಾದ ಕಲ್ಪನೆ!

ಸ್ನ್ಯಾಪ್ ಕ್ಯಾಮೆರಾ 2023ರ ಜನವರಿಯಲ್ಲಿ ನಿಂತಿತು. ಕಸುಬು ನಿಂತಿಲ್ಲ. ಮುಂದಿನ ಸಲ ಇಂಥ ಕನ್ನಡಕ ಕಂಡರೆ, ದಯವಿಟ್ಟು ಕಿವಿಯ ಹತ್ತಿರ ನೋಡಿ.