ವಾಟ್ಸನ್ನನ ಅಜ್ಞಾನ

ಷರ್ಲಾಕ್ ಹೋಮ್ಸನ ಬುದ್ಧಿವೈಭವವನ್ನು ಕೊಂಡಾಡಿ, ಅವನ ಸಂಗಡಿಗನಾದ ಡಾಕ್ಟರ್ ವಾಟ್ಸನ್ನನನ್ನು ಮಂದಮತಿಯೆಂದು ನಕ್ಕು ಬಿಡುವುದು ರೂಢಿಯಾಗಿದೆ. ಸಂಸ್ಕೃತ ನಾಟಕದ ವಿದೂಷಕನಂತೆ ಇವನೂ ನಾಯಕನ ಪಕ್ಕದಲ್ಲಿ ನಿಂತು ನಗೆಗೆ ಎಡೆಗೊಡುವವನೆಂದು ಮೇಲುನೋಟಕ್ಕೆ ತೋರಬಹುದು. ಈ ಹೋಲಿಕೆ ಸಾಧುವಲ್ಲವೆಂದು ನಮ್ಮ ಭಾವನೆ. ವಿದೂಷಕನು ನಾಟಕದೊಳಗಿನ ಒಂದು ಪಾತ್ರ ಮಾತ್ರ. ವಾಟ್ಸನ್ನನಾದರೋ ಕಥೆಯನ್ನು ಹೇಳುವವನು. ಅವನಿಗೆ ತಿಳಿಯದಿರುವುದೇ ಈ ಕಥೆಗಳ ಕಟ್ಟಡಕ್ಕೆ ಆಧಾರ.

ಈ ವಿಧಾನವನ್ನು ಆರ್ಥರ್ ಕಾನನ್ ಡಾಯ್ಲ್ ತಾನೇ ಕಂಡುಹಿಡಿದವನಲ್ಲ. ಎಡ್ಗರ್ ಆಲನ್ ಪೋ 1841ರಲ್ಲಿ ಡ್ಯೂಪಿನ್ನನ ಮೊದಲ ಕಥೆಯನ್ನು ಬರೆದಾಗಲೇ ಅದನ್ನು ಒಬ್ಬ ಗೆಳೆಯನ ಬಾಯಿಂದ ಹೇಳಿಸಿದ್ದನು. ಆದರೆ ಆ ಗೆಳೆಯನಿಗೆ ಹೆಸರೂ ಇಲ್ಲ, ಪೂರ್ವವೃತ್ತಾಂತವೂ ಇಲ್ಲ. ಡಾಯ್ಲ್ 1887ರಲ್ಲಿ ತನ್ನ ನಿರೂಪಕನಿಗೆ ಹೆಸರು, ವೈದ್ಯವೃತ್ತಿ, ಆಫ್ಘನ್ ಯುದ್ಧದಲ್ಲಿ ತಗುಲಿದ ಗಾಯ, ಇವೆಲ್ಲವನ್ನೂ ಕೊಟ್ಟನು. ಹೀಗೆ ಬರಿಯ ಧ್ವನಿಯಾಗಿದ್ದುದು ನಂಬಿಕೆಗೆ ಅರ್ಹನಾದ ವ್ಯಕ್ತಿಯಾಯಿತು.

ಈ ನಂಬಿಕೆಯ ಪ್ರಯೋಜನವನ್ನು 1893ರ 'ದಿ ಫೈನಲ್ ಪ್ರಾಬ್ಲಮ್' ಕಥೆಯಲ್ಲಿ ಕಾಣಬಹುದು. ಸ್ವಿಟ್ಜರ್ಲೆಂಡಿನ ರೈಕೆನ್‌ಬಾಕ್ ಜಲಪಾತದ ಬಳಿ ವಾಟ್ಸನ್ ಕಂಡದ್ದು ಮುಂದೆ ಹೋಗಿ ಹಿಂದಿರುಗದ ಎರಡು ಸಾಲು ಹೆಜ್ಜೆಗುರುತುಗಳನ್ನು, ಗೆಳೆಯನ ಊರುಗೋಲನ್ನು, ಒಂದು ಪತ್ರವನ್ನು, ಹೋಮ್ಸನು ಬಿದ್ದುದನ್ನಲ್ಲ. ಅವನು ಮರಣವನ್ನು ಊಹಿಸಿದನು. ನಾವೂ ಅವನೊಡನೆ ದುಃಖಿಸಿದೆವು. 1903ರಲ್ಲಿ ಹೋಮ್ಸನು ಮರಳಿ ಬಂದಾಗ ಹಳೆಯ ಕಥೆಯ ಒಂದು ಮಾತನ್ನೂ ತಿದ್ದಬೇಕಾಗಲಿಲ್ಲ. ವಾಟ್ಸನ್ ತಪ್ಪಿದ್ದನು, ಸುಳ್ಳಾಡಿರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವನ್ನೂ ಡಾಯ್ಲನೇ ಒದಗಿಸಿದ್ದಾನೆ. ನಾಲ್ಕು ಕಾದಂಬರಿಗಳು ಮತ್ತು 56 ಸಣ್ಣಕಥೆಗಳ ಪೈಕಿ ಎರಡನ್ನು ಮಾತ್ರ ಹೋಮ್ಸನೇ ಬರೆದಂತೆ ರಚಿಸಲಾಗಿದೆ. ಎರಡೂ 1926ರವು. 'ದಿ ಬ್ಲಾಂಚ್ಡ್ ಸೋಲ್ಜರ್' ಕಥೆಯಲ್ಲಿ ಗಂಭೀರ ಮುಖದ ಅಪರಿಚಿತನೊಬ್ಬನನ್ನು ಹೋಮ್ಸನು ಬಂಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾನೆ. ಅವನು ಚರ್ಮರೋಗ ತಜ್ಞನೆಂಬುದನ್ನು ಕೊನೆಯವರೆಗೂ ಹೇಳುವುದಿಲ್ಲ. 'ದಿ ಲಯನ್ಸ್ ಮೇನ್' ಕಥೆಯಲ್ಲಿ ಅಟ್ಟದಿಂದ ಒಂದು ಪುಸ್ತಕವನ್ನು ಹುಡುಕಿ ತೆಗೆದು, ಅದರೊಳಗೇನಿದೆಯೆಂಬುದನ್ನು ಮುಚ್ಚಿಡುತ್ತಾನೆ. ವಾಟ್ಸನ್ ಹೇಳುತ್ತಿದ್ದರೆ ಇವು ಸಹಜವಾದ ಅಜ್ಞಾನವಾಗುತ್ತಿದ್ದುವು. ಬಲ್ಲವನೇ ಹೇಳುವಾಗ ಇವು ಬುದ್ಧಿಪೂರ್ವಕವಾದ ಮರೆಮಾಚಿಕೆಯಾಗುತ್ತವೆ. ಕುತೂಹಲವಿರಬೇಕಾದಲ್ಲಿ ವಾಚಕನಿಗೆ ಅಸಮಾಧಾನ ಹುಟ್ಟುತ್ತದೆ. ತನ್ನ ಕಥೆಯನ್ನು ತಾನೇ ಹೇಳುವುದರ ಕಷ್ಟವನ್ನು ಹೋಮ್ಸನೇ ಅಲ್ಲಿ ಒಪ್ಪಿಕೊಂಡು ಗೆಳೆಯನನ್ನು ನೆನೆಯುವುದು ಅರ್ಥಪೂರ್ಣವಾಗಿದೆ.

ಆಗ ಡಾಯ್ಲನಿಗೆ ವಯಸ್ಸಾಗಿತ್ತು, ದೋಷ ನಿರೂಪಣೆಯದಲ್ಲ, ಕುಂದಿದ ಶಕ್ತಿಯದು ಎಂದು ಆಕ್ಷೇಪಿಸಬಹುದು. ಆದರೆ ಅದಕ್ಕೆ ಸ್ವಲ್ಪ ಮುಂಚೆ, 1924ರಲ್ಲಿ, ಬಂದ 'ದಿ ಥ್ರೀ ಗ್ಯಾರಿಡೆಬ್ಸ್' ಕಥೆಯನ್ನು ನೋಡಬೇಕು. ಅದರ ಒಗಟು ಹಳೆಯ ಕಥೆಯೊಂದರ ಛಾಯೆ. ಆದರೂ ವಾಟ್ಸನ್ನನಿಗೆ ಗುಂಡು ತಗುಲಿದಾಗ ಹೋಮ್ಸನ ತುಟಿ ನಡುಗಿ ಕಣ್ಣು ಮಂಜಾಗುವ ಸನ್ನಿವೇಶ ಮನಸ್ಸನ್ನು ಕಲಕುತ್ತದೆ. ಆ ನಡುಕವನ್ನು ಕಾಣಬಲ್ಲವನು ವಾಟ್ಸನ್ ಒಬ್ಬನೇ. ಹೋಮ್ಸನು ಲೇಖನಿ ಹಿಡಿದಿದ್ದರೆ ಅದನ್ನು ಬರೆಯುತ್ತಿರಲಿಲ್ಲ.

ಆದುದರಿಂದ ಈ ಕಥೆಗಳನ್ನು ತರಗತಿಯಲ್ಲಿ ವಿವೇಚಿಸುವಾಗ ಅಪರಾಧಿ ಯಾರೆಂಬ ಪ್ರಶ್ನೆಗೆ ನಿಲ್ಲದೆ, ಹೇಳುವವನು ಯಾರು, ಅವನಿಗೆ ಎಷ್ಟು ತಿಳಿದಿದೆ ಎಂಬುದನ್ನೂ ಕೇಳುವುದು ಉಚಿತ. ಒಗಟು ಒಮ್ಮೆ ಬಿಡಿಸಿದರೆ ಮುಗಿಯಿತು. ಉತ್ತರ ತಿಳಿದ ಮೇಲೆಯೂ ನಾವು ಈ ಕಥೆಗಳಿಗೆ ಹಿಂದಿರುಗುವುದು, ಅರಿಯದಿದ್ದುದನ್ನು ಅರಿಯೆನೆಂದೇ ಬರೆದಿಟ್ಟ ಆ ಪ್ರಾಮಾಣಿಕ ಗೆಳೆಯನ ಸಹವಾಸಕ್ಕಾಗಿ.